ಉಪವಾಸದ ತಾಕುಗಳು

ನಮ್ಮ ಕಡೆಯ ಕೆಂಪು ಮಣ್ಣಿನಷ್ಟು ಜುಗ್ಗ ಮಣ್ಣು ಇನ್ನೊಂದಿಲ್ಲ. ರಂಜಕ ಎಷ್ಟು ಕೊಟ್ಟರೂ ತನ್ನೊಳಗಿನ ಕಬ್ಬಿಣದ ಜೊತೆ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಗಿಡದ ಬೇರು ಬಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತದೆ. ಸೂಪರ್ ಫಾಸ್ಫೇಟಿನ ಚೀಲ ತಂದು ಸುರಿದು, ಫಲ ಕಾಣದೆ ಅಂಗಡಿಯವನಿಗೆ ಬೈದುಕೊಂಡು ಓಡಾಡುವ ಮಂದಿ ಅಂಕೋಲೆಯ ಸುತ್ತ ಬೇಕಾದಷ್ಟಿದ್ದಾರೆ. ಈ ಜುಗ್ಗನ ಮುಷ್ಟಿ ಬಿಡಿಸಲು ಕೊಟ್ಟಿಗೆ ಗೊಬ್ಬರದಿಂದ ಆಗುತ್ತದೆಯೇ, ಆದರೆ ಸೋಯಾ ಬೆಳೆಯಲ್ಲಿ ಅದು ಕಾಳಿನ ತೂಕವಾಗಿ ಕಾಣುತ್ತದೆಯೇ ಎಂದು ಒಂದು ಹಂಗಾಮು ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಂಶೋಧನಾ ಕೇಂದ್ರವೊಂದರಲ್ಲಿ ಕ್ಷೇತ್ರ ಸಹಾಯಕಿ. ಗೂಟ ಹೊಡೆಯುವುದು, ಗಿಡ ಅಳೆಯುವುದು, ಕಾಳು ತೂಗುವುದು ನನ್ನ ಕೆಲಸ. ಬುದ್ಧಿ ಓಡಿಸುವ ಕೆಲಸಕ್ಕೆ ಮೇಲೊಬ್ಬರು ಹಿರಿಯ ವಿಜ್ಞಾನಿ ಇದ್ದಾರೆ.

ಮೊದಲ ತಾಪತ್ರಯ ಜಾಗದ್ದು. ಸೋಯಾ ಅಂದರೆ ನಮ್ಮ ಕರಾವಳಿಯವರಿಗೆ ಘಟ್ಟದ ಮೇಲಿನವರ ಬೆಳೆ. ಕಾರವಾರದಿಂದ ಬೆಳಗಿನ ಬಸ್ಸು ಹಿಡಿದು ಅಂಕೋಲೆಗೆ ಇಳಿದು, ಊರೂರು ತಿರುಗಿ ಕೇಳಿದೆ. ಒಬ್ಬರು ಹುಳಿಗೆ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದರು. ಇನ್ನೊಬ್ಬರು ಕೋಳಿಗೆ ಹಾಕುವ ಕಾಳನ್ನು ತಾವು ಯಾಕೆ ಬೆಳೆಯಬೇಕು ಅಂದರು. ಮೂರನೆಯವರು ನಾನು ಹೇಳುವುದನ್ನು ಪೂರ್ತಿ ಕೇಳಿ, ಎಳನೀರು ಕೊಟ್ಟು, ಜಾಗ ಮಾತ್ರ ಇಲ್ಲ ಎಂದರು. ಕಡೆಗೆ ಬೆಳಂಬಾರದಲ್ಲಿ ಒಬ್ಬ ಹೆಂಗಸು ಒಪ್ಪಿದರು. ಗುಡ್ಡದ ಬದಿಯಲ್ಲಿ ಅವರದೊಂದು ಹಕ್ಕಲು ಇತ್ತು. ಹಕ್ಕಲು ಅಂದರೆ ನೀರು ನಿಲ್ಲದ, ಭತ್ತ ಬಾರದ ಎತ್ತರದ ಜಾಗ. ಅವರ ಹೆಸರು ನನಗೆ ಗೊತ್ತು. ಇಲ್ಲಿ ಯಜಮಾನಿ ಎಂದೇ ಕರೆಯುತ್ತೇನೆ, ಆ ಮನೆಯಲ್ಲಿ ಅವರಿಗೆ ಒಪ್ಪುವ ಮಾತು ಅದೇ.

ಅವರು ಒಪ್ಪಿದ್ದು ನನ್ನ ಮುಖ ನೋಡಿಯಲ್ಲ. ಅವರ ಮನೆಯಲ್ಲಿ ಎರಡು ದನ ಇದ್ದವು, ಕೌಲಿ ಮತ್ತು ಅದರ ಮಗಳು ಕೆಂಪಿ. ಹಾಲು ಅಷ್ಟಕ್ಕಷ್ಟೆ. ಸಾಕುತ್ತಿದ್ದುದು ಗೊಬ್ಬರಕ್ಕೆ. ಯಜಮಾನಿಯ ಮೊಣಕಾಲು ಹೋಗಿತ್ತು. ಹುಲ್ಲಿನ ಹೊರೆ ಹೊತ್ತು ಬಂದ ದಿನ ಜಗುಲಿಯ ಕಂಬ ಹಿಡಿದುಕೊಂಡೇ ಕೂರಬೇಕಿತ್ತು. ಸೊಸೆ ಅಂಕೋಲೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ಮಗ ಹೆದ್ದಾರಿಯ ಮೇಲೆ ಸಾಮಾನಿನ ಟೆಂಪೊ ಓಡಿಸುತ್ತಾನೆ. ದನ ಕೊಟ್ಟುಬಿಡೋಣ, ಗೊಬ್ಬರ ಚೀಲದಲ್ಲಿ ತಂದರಾಯಿತು ಎಂದು ಮಗನ ಹಟ. ದನ ಹೋದರೆ ಹಕ್ಕಲು ಸಾಯುತ್ತದೆ ಎಂದು ತಾಯಿಯ ಹಟ. ನಾನು ಹೋಗಿ ಜಗುಲಿಯ ಮೇಲೆ ಕೂತು ಸೂಪರ್ ಫಾಸ್ಫೇಟು, ಶಿಲಾರಂಜಕ ಎಂಬ ಕಲ್ಲುಪುಡಿ, ಕೊಟ್ಟಿಗೆ ಗೊಬ್ಬರ ಎಂದು ವಿವರಿಸಲು ಹೊರಟದ್ದೇ ಇಬ್ಬರ ಕಿವಿಯೂ ನೆಟ್ಟಗಾಯಿತು.

ಮಗ ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನ ಮೇಲೆ ಯಾರೂ ಹಲ್ಲು ಕಡಿಯಬಾರದು. ಅವನು ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ತಾಯಿಯ ಕಡೆ ತಿರುಗಿ ಹೇಳಿದ:

"ಅವ್ವಿ, ಇದೇ ಆಗ್ಲಿ. ಇವ್ರು ಚೀಲದ್ದೂ ಹಾಕ್ತ್ರು, ನಿನ್ನ ಗೊಬ್ಬರನೂ ಹಾಕ್ತ್ರು. ಕಾಳು ತೂಗ್ವ. ನಿನ್ನ ಗೊಬ್ಬರ ಗೆದ್ರೆ ದನದ ಸುದ್ದಿ ನಾ ತೆಗೂದಿಲ್ಲ. ಚೀಲ ಗೆದ್ರೆ ದನ ಕೊಡೂದು, ನೀ ಅಳೂಕಾಗ."

ಯಜಮಾನಿ ಒಂದು ಕ್ಷಣವೂ ಯೋಚಿಸದೆ ಆಯಿತು ಅಂದರು. ಗೆಲ್ಲುವುದು ತಾವೇ ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಆ ಮಣ್ಣು ಮುಟ್ಟಿ ನೋಡಿದವರು ಯಾರೂ ಬರೀ ಪುಡಿಯ ಮೇಲೆ ಪಣ ಕಟ್ಟುವುದಿಲ್ಲ.

ಚೌತಿಗೆ ಮೊದಲು ಹಕ್ಕಲು ಸಿದ್ಧ ಮಾಡಿದೆವು. ಮುಂಗಾರಿನ ಅಬ್ಬರದಲ್ಲಿ ಇಲ್ಲಿ ಸೋಯಾ ಉಳಿಯುವುದಿಲ್ಲ, ಬೇರು ಕೊಳೆತು ಹೋಗುತ್ತದೆ. ಹಾಗಾಗಿ ಮಳೆ ಕೈ ಸಡಿಲಿಸುವ ಹೊತ್ತಿಗೆ ಬಿತ್ತಿ, ಹಿಂಗಾರಿನ ತೇವದಲ್ಲಿ ಕಾಯಿ ಕಟ್ಟಿಸುವುದು ನಮ್ಮ ಲೆಕ್ಕಾಚಾರ. ಹಕ್ಕಲನ್ನು ಬದು ಕಟ್ಟಿ ಸಣ್ಣ ಸಣ್ಣ ತಾಕುಗಳಾಗಿ ಒಡೆದೆವು. ಆರು ಬಗೆಯ ತಾಕುಗಳು: ಏನೂ ಹಾಕದ್ದು ಒಂದು, ಬರೀ ಸೂಪರ್ ಫಾಸ್ಫೇಟಿನದೊಂದು, ಬರೀ ಶಿಲಾರಂಜಕದ್ದೊಂದು, ಬರೀ ಕೊಟ್ಟಿಗೆ ಗೊಬ್ಬರದ್ದೊಂದು, ಮತ್ತೆರಡು ಗೊಬ್ಬರದ ಜೊತೆ ಒಂದೊಂದು ಪುಡಿ ಸೇರಿಸಿದ್ದು. ಪ್ರತಿ ಬಗೆಯೂ ಮೂರು ಕಡೆ ಬರಬೇಕು. ಯಾವುದು ಎಲ್ಲಿ ಅನ್ನುವುದನ್ನು ನಾವು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ, ಚೀಟಿ ಎತ್ತಬೇಕು.

ಚೀಟಿ ಎತ್ತಲು ಯಜಮಾನಿಗೇ ಹೇಳಿದೆ. ಅವರು ಸೆರಗಿನಲ್ಲಿ ಚೀಟಿ ಹಾಕಿಸಿಕೊಂಡು ಒಂದೊಂದೇ ತೆಗೆದುಕೊಟ್ಟರು. ನಾನು ಗೂಟಕ್ಕೆ ಬಣ್ಣ ಹಚ್ಚುತ್ತ ಹೋದೆ: ಗೊಬ್ಬರಕ್ಕೆ ಹಸಿರು, ಪುಡಿಗೆ ಕೆಂಪು, ಎರಡೂ ಇದ್ದಲ್ಲಿ ಎರಡು ಪಟ್ಟಿ. ಯಾವ ಪುಡಿ ಎಂಬುದನ್ನು ಗೂಟದ ಮೇಲೆ ಬರೆದೆ. ಏನೂ ಇಲ್ಲದ್ದಕ್ಕೆ ಬೋಳು ಗೂಟ. ಹಕ್ಕಲಿನ ಒಳ್ಳೆಯ ಮೂಲೆಗೇ ಒಂದು ಬೋಳು ಗೂಟ ಬಿತ್ತು. ಅದು ಅವರು ಪ್ರತಿ ವರ್ಷ ಬೆಂಡೆ ಹಾಕುವ ಜಾಗವಂತೆ.

"ಇದ್ಕೆ ಎಂತದೂ ಇಲ್ವಾ?"

ಇಲ್ಲ ಅಂದೆ. ಏನೂ ಇಲ್ಲದ್ದು ಇದ್ದರಲ್ಲವೇ ಹಾಕಿದ್ದರಿಂದ ಎಷ್ಟು ಹೆಚ್ಚು ಬಂತು ಎಂದು ಗೊತ್ತಾಗುವುದು ಎಂದು ತಿಳಿಸಿ ಹೇಳಿದೆ. ಅವರು ತಲೆ ಆಡಿಸಿದರು. ಬೋಳು ಗೂಟದ ಮೇಲೆ ಕೈ ಇಟ್ಟು, ಪಾಪ, ಅಂದರು. ನಾನು ನಕ್ಕೆ.

ಬಿತ್ತುವ ದಿನ ಚೆನ್ನಾಗಿತ್ತು. ಬೆಲ್ಲದ ನೀರು ಕಾಯಿಸಿ ಆರಿಸಿ, ಅದರಲ್ಲಿ ಬೇರುಗಂಟಿನ ಜೀವಾಣುವಿನ ಪುಡಿ ಕಲಸಿ ಬೀಜಕ್ಕೆ ಸವರಿ ನೆರಳಿನಲ್ಲಿ ಹರವಿದೆವು. ಯಜಮಾನಿಗೆ ಇದು ಬಹಳ ಹಿಡಿಸಿತು. ಬೀಜಕ್ಕೂ ಬೆಲ್ಲ ತಿನ್ನಿಸಿ ಕಳಿಸುವುದು ಮರ್ಯಾದೆಯ ಕೆಲಸ ಎಂದರು. ಹಸಿರು ಗೂಟದ ತಾಕುಗಳಿಗೆ ಗುಂಡಿಯಿಂದ ಹಳೆಯ ಗೊಬ್ಬರ ಬುಟ್ಟಿಯಲ್ಲಿ ಹೊತ್ತದ್ದು ಅವರು ಮತ್ತು ನಾನು. ಪ್ರತಿ ಬುಟ್ಟಿಯನ್ನೂ ತೂಗಿ ಸುರಿಯಬೇಕು ಎಂದರೆ ಅವರಿಗೆ ನಗು. ಸಗಣಿ ತೂಗುವವಳನ್ನು ಇವತ್ತೇ ಕಂಡೆ ಎಂದು ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದರು.

ಮೊಳಕೆ ಚೆನ್ನಾಗಿ ಬಂತು. ಆಮೇಲೆ ಶುರುವಾಯಿತು ನೋಡಿ. ಕೈ ಸಡಿಲಿಸಿದ್ದ ಮಳೆ ಮತ್ತೆ ಬಂತು. ಗುಡ್ಡದ ನೀರು ಬದು ಒಡೆದು ಒಂದು ತಾಕಿನಿಂದ ಇನ್ನೊಂದಕ್ಕೆ ನುಗ್ಗಿತು. ಗೊಬ್ಬರದ ಸಾರ ಪಕ್ಕಕ್ಕೆ ಹೋದರೆ ನನ್ನ ಪ್ರಯೋಗ ಅಲ್ಲಿಗೇ ಮುಗಿಯಿತು. ನಾನು ಬಸ್ ಸ್ಟ್ಯಾಂಡಿನಲ್ಲಿ ಮಳೆ ನೋಡುತ್ತ ಮೈ ಪರಚಿಕೊಳ್ಳುತ್ತಿದ್ದಾಗ ಯಜಮಾನಿ ಆ ಮೊಣಕಾಲಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ಹಾರೆ ಹಿಡಿದು ಮೇಲಿನ ಅಂಚಿಗೆ ಕಾಲುವೆ ತೆಗೆದಿದ್ದರು. ನಾನು ತಲುಪುವಷ್ಟರಲ್ಲಿ ನೀರು ಹೊರಗೆ ಹರಿಯುತ್ತಿತ್ತು. ಕೆಟ್ಟದ್ದು ಕೆಳಗಿನ ಅಂಚಿನ ಎರಡು ಸಾಲು ಮಾತ್ರ, ಅವನ್ನು ಲೆಕ್ಕದಿಂದ ಬಿಟ್ಟರಾಯಿತು. ಮಳೆ ನಿಂತ ಮೇಲೆ ನವಿಲು ಬಂದವು. ಎಳೆ ಎಲೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸಿದವು. ನವಿಲಿಗೆ ಕಲ್ಲು ಹೊಡೆಯುವಂತಿಲ್ಲ, ಕೂಗಿದರೆ ಅದಕ್ಕೆ ಲಕ್ಷ್ಯವಿಲ್ಲ. ಹಳೆ ಮೀನುಬಲೆ ತಂದು ಸುತ್ತ ಕಟ್ಟಿದೆವು. ಅದನ್ನು ಕಟ್ಟಲು ಬೆಳಂಬಾರದ ಅರ್ಧ ಕೇರಿಯೇ ಬಂತು.

ತಿಂಗಳು ಕಳೆದ ಮೇಲೆ ಪ್ರತಿ ತಾಕಿನ ಅಂಚಿನಿಂದ ಒಂದೆರಡು ಗಿಡ ಮಣ್ಣು ಸಮೇತ ಅಗೆದು, ಬೇರು ತೊಳೆದು ನೋಡಿದೆ. ಈ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದೇ. ಗೊಬ್ಬರದ ತಾಕಿನ ಬೇರುಗಳಲ್ಲಿ ಗಂಟುಗಳು ರಾಗಿ ಅಂಟಿಸಿದ ಹಾಗೆ ತುಂಬಿದ್ದವು. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯುವ ಕೆಲಸದಲ್ಲಿದೆ ಎಂದರ್ಥ. ಗೊಬ್ಬರ ಮತ್ತು ಶಿಲಾರಂಜಕ ಸೇರಿದಲ್ಲಂತೂ ಬೇರು ಬಿಡಿಸುವುದೇ ಕಷ್ಟ. ಬರೀ ಪುಡಿ ಹಾಕಿದಲ್ಲಿ ಗಂಟು ಬೆರಳೆಣಿಕೆಯಷ್ಟು, ಬೋಳು ಗೂಟದಲ್ಲಿ ಇದ್ದವೂ ಒಳಗೆ ಬೆಳ್ಳಗೆ. ಗಿಡದ ಎತ್ತರದಲ್ಲೂ ಅದೇ ಮಾತು. ಯಜಮಾನಿಗೆ ತೋರಿಸಿದೆ. ಅವರು ಗುಲಾಬಿ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋಗಿ ಕೌಲಿಗೆ ತೋರಿಸಿ ಬಂದರು. ಸತ್ಯವಾಗಿಯೂ! ಮಗ ಆ ದಿನ ಮಂಗಳೂರಿಗೆ ಟೆಂಪೊ ಒಯ್ದಿದ್ದ. ಅವನಿಗೆ ಕಾಳು ಮುಖ್ಯ, ಬೇರಲ್ಲ. ಹೇಗೂ ಕೊಯ್ಲಿನ ದಿನ ನೋಡುತ್ತಾನಲ್ಲ ಎಂದು ನಾವು ಆರಾಮಾಗಿದ್ದೆವು.

ಅಷ್ಟರಲ್ಲಿ ನನಗೆ ಜ್ವರ ಬಂತು. ಸಾದಾ ಜ್ವರವೇ, ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ. ವಾರಕ್ಕಿಂತ ಹೆಚ್ಚು ಕಾರವಾರದ ಮನೆಯಲ್ಲಿ ಗಂಜಿ ಕುಡಿಯುತ್ತ ಮಲಗಿದೆ. ಅದು ಗಿಡ ಹೂ ಬಿಡುವ ವಾರ. ಯಜಮಾನಿಗೆ ಫೋನು ಮಾಡಿ ಕೇಳಿದಾಗಲೆಲ್ಲ, ಎಲ್ಲ ಚೆಂದ ಅದೆ, ನೀವು ಮೈ ನೋಡಿಕೊಳ್ಳಿ ಎಂದೇ ಹೇಳುತ್ತಿದ್ದರು.

ಜ್ವರ ಬಿಟ್ಟ ಮೇಲೆ ಹೋದ ದಿನ ಬಲೆಯ ಹೊರಗೇ ಎರಡು ನಾಯಿ ಮೂಸುತ್ತ ನಿಂತಿದ್ದವು. ಒಂದು ಬಲೆಯ ಕೆಳಗೆ ನುಸುಳಿ ಬೋಳು ಗೂಟದ ತಾಕಿನಲ್ಲಿ ಮಣ್ಣು ಕೆದರಿ ಹೋಗಿತ್ತು. ಸೋಯಾ ತಾಕಿನಲ್ಲಿ ನಾಯಿಗೆ ಏನು ಕೆಲಸ ಎಂದುಕೊಳ್ಳುತ್ತ ಒಳಗೆ ಕಾಲಿಟ್ಟವಳ ಮೂಗಿಗೆ ವಾಸನೆ ಬಡಿಯಿತು. ಒಣಮೀನು. ಕೂತು ಒಂದು ಗಿಡದ ಬುಡ ಕೆದರಿದೆ. ಕಪ್ಪು ಗೊಬ್ಬರ, ಒಲೆಯ ಬೂದಿ, ಕುಟ್ಟಿದ ಸಣ್ಣ ಮೀನಿನ ಹುಡಿ. ಪಕ್ಕದ ಗಿಡದಲ್ಲೂ ಅದೇ. ಕೆಂಪು ಗೂಟದ ತಾಕಿಗೆ ಓಡಿದೆ, ಅಲ್ಲೂ ಅದೇ. ಹಸಿರು ಬಣ್ಣ ಇದ್ದ ತಾಕುಗಳ ಬುಡ ಮಾತ್ರ ಹಾಗೇ ಇತ್ತು.

ಯಜಮಾನಿ ಕೆಳಗಿನಿಂದ ನಿಧಾನ ಹತ್ತಿ ಬಂದರು. ನನ್ನ ಜ್ವರದ ಬಗ್ಗೆ ಕೇಳಿದರು. ನಾನು ಮಣ್ಣು ತೋರಿಸಿದೆ.

"ಹೂಂ, ಹಾಕ್ದೆ. ಒಂದೊಂದು ಹಿಡಿ," ಅಂದರು, ಇದರಲ್ಲೇನು ವಿಶೇಷ ಎಂಬಂತೆ.

ಏನೂ ಹಾಕಬಾರದು ಎಂದು ನಾನು ಹೇಳಿರಲಿಲ್ಲವೇ ಎಂದು ಕೇಳಿದೆ. ನನ್ನ ದನಿ ಏರಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಜ್ವರದ ಮೈ ಬೇರೆ.

"ಅದು ಬಿತ್ತೂ ದಿನದ ಮಾತು ಅಲ್ದಾ? ಬಿತ್ತೂವಾಗ ನಾ ಮುಟ್ಟಲಿಲ್ಲ. ಈಗ ಹೂ ಬಂತು. ಹೂ ಬಂದ ಗಿಡ ಅಂದ್ರೆ ಬಸುರಿ. ಬಸುರೀನ ಯಾರಾದ್ರೂ ಉಪವಾಸ ಕೂರಿಸ್ತ್ರಾ ಅಕ್ಕೋರೆ?"

ನಮ್ಮ ಕಡೆ ತರಕಾರಿ ಬೆಳೆಯುವ ಹೆಂಗಸರು ಬೆಂಡೆಗೆ, ಬದನೆಗೆ ಮೊಗ್ಗು ಕಂಡ ಕೂಡಲೇ ಹೀಗೆ ಒಂದು ಹಿಡಿ ಬುಡಕ್ಕೆ ಕೊಡುವುದು ಇದೆ. ನನ್ನ ಅಜ್ಜಿಯೂ ಕೊಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಸೋಯಾಕ್ಕೂ ಕೊಟ್ಟಾರು ಎಂದು ಹೊಳೆದಿರಲಿಲ್ಲ. ಸೋಯಾ ಅವರಿಗೆ ಅಷ್ಟು ಸ್ವಂತದ್ದಾಗಿಬಿಟ್ಟಿದೆ ಎಂದು ಯಾರಿಗೆ ಗೊತ್ತು?

ಪುಡಿ ಹಾಕಿದ ತಾಕುಗಳಿಗೆ ಯಾಕೆ ಹಾಕಿದಿರಿ, ಅವು ಉಪವಾಸ ಇರಲಿಲ್ಲವಲ್ಲ ಎಂದೆ.

"ಹುಡಿ ತಿಂದ್ರೆ ಹೊಟ್ಟೆ ತುಂಬ್ತದಾ? ಅದು ಉಪ್ಪು ಖಾರ ಇದ್ದ ಹಾಗೆ. ಅನ್ನ ಎಲ್ಲಿ ಅದೆ? ಒಂದೇ ಪಂಕ್ತೀಲಿ ಕೂರಿಸಿ ಅದ್ಕೆ ಬಡಿಸಿ ಇದ್ಕೆ ಬಿಟ್ರೆ ನಂಗೆ ಮನೆಗೆ ಹೋಗಿ ಉಂಬೂಕೆ ಆಗೂದಿಲ್ಲ."

ಗೊಬ್ಬರ ಸಿಕ್ಕ ತಾಕುಗಳಿಗೆ ಅವರು ಕೊಟ್ಟಿರಲಿಲ್ಲ. ಉಂಡವರಿಗೆ ಮತ್ತೆ ಬಡಿಸುವುದು ಯಾಕೆ ಎಂದು. ಅಂದರೆ ಯಾವ ತಾಕುಗಳು ಸೋತರೆ ಅವರ ಕೌಲಿ, ಕೆಂಪಿ ಉಳಿಯುತ್ತಿದ್ದವೋ ಆ ತಾಕುಗಳನ್ನೇ ಹುಡುಕಿ ಹುಡುಕಿ, ಮೊಣಕಾಲು ಊರಿ ಕೂತು, ಒಂದು ಗಿಡವನ್ನೂ ಬಿಡದೆ ಉಣ್ಣಿಸಿದ್ದರು. ನಾನು ಬದುವಿನ ಮೇಲೆ ತಲೆಗೆ ಕೈ ಕೊಟ್ಟು ಕೂತುಬಿಟ್ಟೆ. ಇನ್ನು ಗೊಬ್ಬರ ಗೆದ್ದಿತು ಎಂದು ಹೇಳಲು ದಾರಿ ಉಳಿದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹೇಳಿದೆ ಕಡೆಗೆ. ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ತಮ್ಮ ಗೊಬ್ಬರದ ತಾಕು ಹೇಗೂ ಮೊದಲಿಂದ ಮುಂದೆ ಇದೆಯಲ್ಲ, ಒಂದು ಹಿಡಿಗೆ ಅದು ಹಿಂದೆ ಬೀಳುತ್ತದೆಯೇ ಎಂದರು. ಹಾಗೆ ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಬೀಳಲಿಕ್ಕಿಲ್ಲ ಎಂದೆ. ನನಗೂ ಅದೇ ಬೇಕಿತ್ತು.

ಹಿರಿಯ ವಿಜ್ಞಾನಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ನಿಧಾನವಾಗಿ ಎರಡು ದಾರಿ ಹೇಳಿದರು. ಈಗಲೇ ಪ್ರಯೋಗ ಕೆಟ್ಟಿತೆಂದು ಬರೆದು ಗೂಟ ಕಿತ್ತು ಬರಬಹುದು. ಇಲ್ಲವೇ ಬೆಳೆ ನಿಂತಿರುವುದರಿಂದ ಕೊಯ್ದು ತೂಗಬಹುದು, ಆದರೆ ಆ ತೂಕ ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ. ಬೇರುಗಂಟು ಎಣಿಸಿದ್ದು ಇದೆಯಲ್ಲ ಸರ್ ಎಂದೆ. ತಿಂಗಳ ಗಿಡದ ಬೇರು ನೋಡಿ ಇಳುವರಿ ಹೇಳಲು ಬರುವುದಿಲ್ಲ ಎಂದು ನಿಮಗೂ ಗೊತ್ತಿದೆ ಎಂದರು. ಗೊತ್ತಿತ್ತು. ನಿರ್ಧಾರ ನನಗೇ ಬಿಟ್ಟರು.

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಎರಡು ಕಾರವಾರದ ಬಸ್ಸು ಬಿಟ್ಟು ಕೂತು ಯೋಚಿಸಿದೆ. ಗೂಟ ಕಿತ್ತರೆ ದನದ ವಿಷಯ ಇದ್ದಲ್ಲೇ ಇರುತ್ತದೆ, ಮಗ ಇವತ್ತಲ್ಲ ನಾಳೆ ಮತ್ತೆ ಎತ್ತುತ್ತಾನೆ. ಕೊಯ್ದು ತೂಗಿದರೆ? ಗೊಬ್ಬರದ ತಾಕುಗಳು ಮೊದಲ ದಿನದಿಂದ ಚೆನ್ನಾಗಿ ಉಂಡಿವೆ. ಹೂವಿನ ಹೊತ್ತಿಗೆ ಸಿಕ್ಕ ಒಂದು ಹಿಡಿಯಿಂದ ಉಳಿದವು ಎಷ್ಟೆಂದು ಮೇಲೆ ಬಂದಾವು? ಮಗನ ಕಣ್ಣ ಮುಂದೆ ತೂಕದ ಕಾಂಟಾದಲ್ಲಿ ಗೊಬ್ಬರ ಸ್ವಲ್ಪ ಮುಂದೆ ನಿಂತರೂ ಸಾಕು. ಪುಸ್ತಕದಲ್ಲಿ ಅದಕ್ಕೆ ಬೆಲೆ ಇಲ್ಲದಿದ್ದರೆ ಹೋಗಲಿ, ಆ ಜಗುಲಿಯ ಮೇಲೆ ಬೆಲೆ ಇದೆ. ಕೊಯ್ದು ತೂಗುವುದೇ ಸರಿ ಎಂದುಕೊಂಡು ಮೂರನೆಯ ಬಸ್ಸು ಹತ್ತಿದೆ. ಮಗ ಮತ್ತೆ ದನದ ಮಾತು ಎತ್ತುವ ಮೊದಲೇ ಅವು ಹೋಗುವ ದಿನವನ್ನು ನಾನೇ ಕರೆದು ತಂದೆ ಎಂದು ಆಗ ತಿಳಿಯಲಿಲ್ಲ.

ಕೊಯ್ಲಿನವರೆಗಿನ ದಿನಗಳು ನನಗೆ ನರಕ. ಹೋದಾಗಲೆಲ್ಲ ಬೋಳು ಗೂಟದ ಮತ್ತು ಕೆಂಪು ಗೂಟದ ತಾಕುಗಳು ಇನ್ನಷ್ಟು ಹಸಿರಾಗಿರುತ್ತಿದ್ದವು. ಬೇರೆ ರೈತರ ಹೊಲದಲ್ಲಿ ಹಾಗೆ ಕಂಡಿದ್ದರೆ ಕುಣಿದಾಡುತ್ತಿದ್ದೆ. ಇಲ್ಲಿ ಪ್ರತಿ ಹೊಸ ಕಾಯಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಕೆಂಪು ಗೂಟದ ತಾಕಿನಲ್ಲಿ ಎಲೆ ತಿನ್ನುವ ಹುಳ ಕಂಡಾಗ ಸುಮ್ಮನೆ ಬಿಟ್ಟುಬಿಡಲೇ ಅನ್ನಿಸಿತು. ನಾನು ಕೈ ಚಾಚುವ ಮೊದಲು ಯಜಮಾನಿಯೇ ಬಗ್ಗಿ ಹುಳ ಹೆಕ್ಕಿ ಹಾಕಿದರು.

ತುಳಸಿ ಲಗ್ನ ಮುಗಿದು ಎಲೆ ಉದುರಿದ ಮೇಲೆ ಕೊಯ್ದೆವು. ತಾಕಿನಿಂದ ತಾಕಿಗೆ ಬೇರೆ ಬೇರೆ ಕಟ್ಟು ಮಾಡಿ, ಗೂಟದ ಬಣ್ಣದ ದಾರ ಕಟ್ಟಿ ಅಂಗಳದಲ್ಲಿ ಒಣಗಿಸಿದೆವು. ಮಗನಿಗೆ ರಜೆ ಇದ್ದ ಭಾನುವಾರ ನೋಡಿ ಬಡಿದು ತೂರಿ ತೂಗಿದೆವು. ಸೊಸೆ ಚಹಾ ಮಾಡಿ ಕೊಟ್ಟಳು. ಕೊಟ್ಟಿಗೆಯಿಂದ ಕೌಲಿ ಕತ್ತು ಹೊರಗೆ ಹಾಕಿ ಸೋಯಾ ಹೊಟ್ಟಿನ ಕಡೆ ನೋಡುತ್ತಿತ್ತು.

ಮೊದಲು ಹಸಿರು ದಾರದವು, ಎರಡು ಬಣ್ಣದವೂ ಸೇರಿ. ಚೆನ್ನಾಗಿ ತೂಗಿದವು, ಯಜಮಾನಿ ಮಗನ ಮುಖ ನೋಡಿದರು. ಆಮೇಲೆ ಬರೀ ಕೆಂಪು ದಾರದವು. ಕಾಂಟಾದ ಮುಳ್ಳು ಹೋಗಿ ಹಸಿರು ನಿಂತಲ್ಲೇ ನಿಂತಿತು. ಎರಡನೆಯ ಕಟ್ಟೂ ಅಲ್ಲೇ. ಮೂರನೆಯದು ಕೂದಲೆಳೆಯಷ್ಟು ಮುಂದೆಯೇ ಹೋಯಿತು. ಉಳಿದ ಮೂರೂ ಹೆಚ್ಚು ಕಡಿಮೆ ಅಷ್ಟೇ. ದಾರವಿಲ್ಲದ ಬೋಳು ತಾಕಿನವು ಸ್ವಲ್ಪ ಹಿಂದೆ, ಅಷ್ಟೇನೂ ಹಿಂದಲ್ಲ. ಕಾಂಟಾ ಸರಿ ಇದೆಯೇ ಎಂದು ನಾನು ಅದನ್ನು ಬಿಚ್ಚಿ ಮತ್ತೆ ಕಟ್ಟಿದೆ. ಸರಿ ಇತ್ತು.

ಮಗ ಏನೂ ಕುಣಿಯಲಿಲ್ಲ. ನಾನೇ ಹೇಳಿದೆ, ಈ ತೂಕ ನಂಬುವ ಹಾಗಿಲ್ಲ, ಬರೀ ಪುಡಿಯ ತಾಕಿಗೂ ಬೋಳು ತಾಕಿಗೂ ಹೂವಿನ ಹೊತ್ತಿಗೆ ನಿಮ್ಮ ತಾಯಿ ಗೊಬ್ಬರ ಕೊಟ್ಟಿದ್ದಾರೆ ಎಂದು. ಅವನು ತಾಯಿಯ ಕಡೆ ತಿರುಗಿದ.

"ಅವ್ವಿ, ಎಷ್ಟು ಹಾಕ್ದೆ?"

"ಒಂದೊಂದು ಹಿಡಿ."

ಅವನು ಎರಡು ರಾಶಿಯಿಂದ ಒಂದೊಂದು ಹಿಡಿ ಕಾಳು ಎತ್ತಿ ಪಕ್ಕಪಕ್ಕ ಹಿಡಿದು ನೋಡಿದ. ಆಮೇಲೆ ನನ್ನನ್ನು ಕೇಳಿದ, ಕೆಣಕಲು ಅಲ್ಲ, ನಿಜಕ್ಕೂ ತಿಳಿಯಲು ಕೇಳಿದ:

"ಅಕ್ಕೋರೆ, ಒಂದು ಹಿಡಿ ಹಾಕಿದ್ದೂ ಬುಟ್ಟಿ ಬುಟ್ಟಿ ಹಾಕಿದ್ದೂ ಸಮ ಬಂದ್ರೆ, ಬುಟ್ಟಿ ಎಂತಕೆ? ಒಂದು ಹಿಡಿ ಗೊಬ್ಬರ ಪೇಟೇಲಿ ಚೀಲದಲ್ಲಿ ಸಿಗ್ತದೆ. ಅದ್ಕೆ ಎರಡು ದನ ಬೇಕಾ?"

ಉತ್ತರ ಇತ್ತು. ಗೊಬ್ಬರ ಒಂದು ವರ್ಷದ ಕಾಳಿನ ಸಲುವಾಗಿ ಮಾತ್ರ ಅಲ್ಲ, ಮಣ್ಣಿನ ಜುಗ್ಗತನ ಬಿಡಿಸಲು ವರ್ಷ ವರ್ಷ ಬೇಕು, ನಿಮ್ಮ ಅಜ್ಜಿಯ ಕಾಲದಿಂದ ಬಿದ್ದ ಗೊಬ್ಬರದ ಮೇಲೆ ಆ ಒಂದು ಹಿಡಿ ಕೆಲಸ ಮಾಡಿದೆ ಎಂದು ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಅದಕ್ಕೆ ಸಾಕ್ಷಿ ತೋರಿಸಿ ಎಂದರೆ ನನ್ನ ಹತ್ತಿರ ಏನಿದೆ? ತೋರಿಸಬೇಕಿದ್ದ ತಾಕುಗಳೇ ಉಂಡು ಕೂತಿದ್ದವು. ನನ್ನ ಕೈಯಲ್ಲಿದ್ದುದು ಕಾಂಟಾ, ಅದು ಅವನ ಕಡೆ ಮಾತಾಡಿತ್ತು. ಅವನು ತಾಳ್ಮೆಯಿಂದ ಕೇಳಿ, ತಾಯಿಯ ಮೊಣಕಾಲನ್ನು ಒಮ್ಮೆ ನೋಡಿ ಎದ್ದುಹೋದ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಎದ್ದುಹೋಗುತ್ತಿದ್ದೆ.

ಯಜಮಾನಿ ಅಳಲಿಲ್ಲ. ಮಾತು ಕೊಟ್ಟಾಗಿತ್ತು. ಅವರು ಚೆಲ್ಲಿದ್ದ ಕಾಳುಗಳನ್ನು ಒಂದೊಂದೇ ಹೆಕ್ಕಿ ಮೊರಕ್ಕೆ ಹಾಕುತ್ತ, ತಾನು ಕೆಟ್ಟ ಕೆಲಸ ಮಾಡಿದೆನೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಇಲ್ಲ ಎನ್ನುವುದು ನಿಜ, ಹೌದು ಎಂದಿದ್ದರೂ ಸುಳ್ಳಾಗುತ್ತಿರಲಿಲ್ಲ.

ದನ ಒಯ್ದವರು ಸುಂಕಸಾಳದ ಕಡೆಯ ತೋಟದವರು. ಅವರಿಗೆ ಹಾಲಿನ ಆಸೆ ಇರಲಿಲ್ಲ, ಅಡಿಕೆ ಮರದ ಬುಡಕ್ಕೆ ಹಾಕಲು ಗೊಬ್ಬರ ಸಾಲುತ್ತಿಲ್ಲ ಎಂದೇ ದನ ಹುಡುಕಿಕೊಂಡು ಬಂದಿದ್ದರಂತೆ. ಇದನ್ನು ಸೊಸೆ ಅಂಕೋಲೆಯ ಪೇಟೆಯಲ್ಲಿ ಸಿಕ್ಕಾಗ ಹೇಳಿದಳು. ಕೆಂಪಿ ಗಾಡಿ ಹತ್ತಲು ಬಹಳ ಸತಾಯಿಸಿತಂತೆ. ಯಜಮಾನಿಯೇ ಮುಂದೆ ನಿಂತು ಕರೆದ ಮೇಲೆ ಹತ್ತಿತಂತೆ. ನಾನು ಬಟ್ಟೆ ಅಂಗಡಿಯ ಎದುರು ನಿಂತು ಕೇಳಿಸಿಕೊಂಡೆ, ಹೌದಾ ಎಂದೆ.

ಪ್ರಯೋಗ ವಿಫಲ ಎಂದು ಬರೆದು ಕೊಟ್ಟೆ. ಎರಡನೆಯ ವರ್ಷಕ್ಕೆ ಅನುಮತಿ ಸಿಗಲಿಲ್ಲ. ಇದು ಸಹಜವೇ, ಕೆಟ್ಟ ಪ್ರಯೋಗದ ಹಿಂದೆ ಯಾರು ಓಡುತ್ತಾರೆ? ಬೇರೆ ತಾಲೂಕಿನ ಬೇರೆ ಕೆಲಸಕ್ಕೆ ಹಾಕಿದರು.

ಮರುವರ್ಷ ಚೌತಿ ಹತ್ತಿರ ಬಂದಾಗ ಯಜಮಾನಿಯ ಫೋನು ಬಂತು. ಸೋಯಾ ಹಾಕಲು ಬರುವುದಿಲ್ಲವೇ ಎಂದು. ಅನುಮತಿ ಇಲ್ಲ ಎಂದು ಫೋನಿನಲ್ಲೇ ಹೇಳಬಹುದಿತ್ತು. ಎದುರಿಗೆ ಹೋಗಿ ಹೇಳುವುದೇ ಮರ್ಯಾದೆ ಎನ್ನಿಸಿ ಒಂದು ಬೆಳಿಗ್ಗೆ ಬೆಳಂಬಾರಕ್ಕೆ ಹೋದೆ. ಕೊಟ್ಟಿಗೆ ಗುಡಿಸಿ ಚೊಕ್ಕವಾಗಿತ್ತು, ಯಾರದೋ ದೋಣಿಯ ಹುಟ್ಟು, ಮಗನ ಟೆಂಪೊದ ಹಳೆ ಟೈರು ಅಲ್ಲಿದ್ದವು. ಪಕ್ಕದ ಗೊಬ್ಬರಗುಂಡಿಯಲ್ಲಿ ಹುಲ್ಲು ಬೆಳೆದಿತ್ತು. ಅಷ್ಟು ಎಳೆಯ, ಹಸಿ ಹುಲ್ಲನ್ನು ತಿನ್ನುವ ಬಾಯಿ ಆ ಮನೆಯಲ್ಲಿ ಇರಲಿಲ್ಲ.

ಯಜಮಾನಿ ನನ್ನನ್ನು ಹಕ್ಕಲಿಗೆ ಕರೆದೊಯ್ದರು. ನಾನು ದಂಗಾದೆ. ಹಗ್ಗ ಹಿಡಿದು ಅಳೆದು, ಬದು ಕಟ್ಟಿ, ಹಳೆಯ ಗೂಟಗಳನ್ನೆಲ್ಲ ತೊಳೆದು, ಹೋದ ವರ್ಷದ ಜಾಗದಲ್ಲೇ ನೆಟ್ಟಿದ್ದರು. ಮೇಲಿನ ಅಂಚಿನ ಕಾಲುವೆಯನ್ನೂ ಬಿಡಿಸಿದ್ದರು. ಆ ಮೊಣಕಾಲಿನಲ್ಲಿ ಎಷ್ಟು ದಿನ ಹಿಡಿಯಿತೋ. ಒಂದು ಬೋಳು ಗೂಟದ ಹತ್ತಿರ ನಿಂತು ಅದರ ತಲೆ ಮುಟ್ಟಿದರು.

"ಈ ಸಲ ನೀವು ಹೇಳ್ದ ಹಾಗೇ ಇರ್ತೆ ಅಕ್ಕೋರೆ. ಹೂ ಬಂದ್ರೂ ಇದ್ಕೆ ಒಂದು ಹಿಡಿನೂ ಹಾಕೂದಿಲ್ಲ." ಅಷ್ಟು ಹೇಳಿ ಹಸಿರು ಬಣ್ಣದ ಗೂಟಗಳ ಕಡೆ ತಿರುಗಿದರು. "ಅದ್ಕೂ ಹಾಕೂಕೆ ಎಂತ ಅದೆ? ಈ ಸಲ ಎಲ್ಲವೂ ಒಂದೇ ಪಂಕ್ತಿ."

ಅನುಮತಿ ಇಲ್ಲವೆಂದು ಹೇಳಲು ಹೋದವಳು ಅದನ್ನು ಹೇಳಲಿಲ್ಲ. ಅವರು ಆಗಲೇ ನೆಲದ ಮೇಲೆ ಕೂತು, ಹೋದ ಸಲದ ಹಾಗೆ ಚೀಟಿ ಹಾಕಿಸಿಕೊಳ್ಳಲು ಸೆರಗು ಹಾಸಿಕೊಂಡು ಕಾಯುತ್ತಿದ್ದರು.